ಮುಂದೆ ಐವತ್ತು, ಹಿಂದೆ ಎಂಬತ್ತು

ಗಾಳಿ ಬಂದಾಗ ತೂರಿಕೋ ಅನ್ನುತ್ತಾರೆ.
ಫ್ರಿಸ್‌ಲ್ಯಾಂಡಿನಲ್ಲಿ ಅದು ಬರುವುದಿಲ್ಲ,
ಇರುತ್ತದೆ.
ಕಡಲಕಟ್ಟೆಯ ಮೇಲಿನ ಕುರಿಗಳ ಹಾಗೆ,
ಹೋಗೆಂದರೆ ಅತ್ತ ಒಂದು ಹೆಜ್ಜೆ,
ಮತ್ತೆ ಅಲ್ಲೇ.

ಶೌಕ್ಯೆ ಸೇತುವೆ ಕಾಯುತ್ತಾಳೆ.
ದೋಣಿ ಬಂದರೆ ಗುಂಡಿಯೊತ್ತಿ
ರಸ್ತೆಯನ್ನೇ ಎತ್ತಿ ನಿಲ್ಲಿಸುತ್ತಾಳೆ;
ಗಾಳದ ಕೋಲಿಗೆ ಕಟ್ಟಿದ ಮರದ ಜೋಡು
ದೋಣಿಯವನ ಮೂಗಿನ ಮುಂದೆ ತೂಗಿಸಿ
ಸುಂಕದ ಚಿಲ್ಲರೆ ಹಿಡಿಯುತ್ತಾಳೆ.
ದಿನವಿಡೀ ಜನರನ್ನು ನಿಲ್ಲಿಸುವ ಕೆಲಸ.
ಅದಕ್ಕೇ ಇರಬೇಕು, ಸಂಜೆಯಾದರೆ
ಯಾರೂ ತನ್ನನ್ನು ನಿಲ್ಲಿಸಬಾರದು.

ಅವಳಿಗೆ ಎರಡು ಸೈಕಲ್ಲು.
ಕೆಂಪು, ಭಾನುವಾರ ನಮ್ಮೆಲ್ಲರ ಜೊತೆ
ಊರೂರು ಸುತ್ತಿ ಕಾಫಿ ಕುಡಿಯಲು.
ಕಪ್ಪು, ಬುಧವಾರ ಸಂಜೆ
ಗಡಿಯಾರದ ಜೊತೆ ಒಬ್ಬಳೇ
ಹದಿನಾರು ಕಿಲೋಮೀಟರು ಜಗಳವಾಡಲು.
ಮೂರು ವರ್ಷದ ಉಳಿತಾಯ ಎಣಿಸಿದರೆ
ಕಾರ್ಬನ್ ಗಾಲಿ ಒಂದೇ ಜೋಡಿ.
ಹಾಸಿಗೆ ಇದ್ದಷ್ಟು ಕಾಲು ಚಾಚು, ಸರಿ.
ಎರಡು ಹಾಸಿಗೆಗೆ ಒಂದೇ ಹೊದಿಕೆಯಾದರೆ?

"ಎಂಬತ್ತು ಮಿಲಿಮೀಟರ್ ತಗೋ," ಅಂದ ಡೌವೆ,
ಕಲ್ಲಂಗಡಿ ಪರೀಕ್ಷಿಸುವವನಂತೆ
ರಿಮ್ಮಿಗೆ ಬೆರಳ ಗೆಣ್ಣಿನಿಂದ ತಟ್ಟಿ.
"ಎದುರು ಗಾಳಿಯನ್ನು ಬೆಣ್ಣೆಯ ಹಾಗೆ ಕೊಯ್ಯುತ್ತದೆ."
"ಅಡ್ಡ ಗಾಳಿಯನ್ನು?"
ಡೌವೆಗೆ ಆಗಲೇ ಕೆಮ್ಮು ಬಂತು.
"ಹಾಗಾದರೆ ಐವತ್ತು. ಎರಡಕ್ಕೂ ಆಗುತ್ತದೆ."
ಎರಡಕ್ಕೂ ಆಗುವುದು ಎಂದರೆ
ಎರಡಕ್ಕೂ ಸ್ವಲ್ಪ ಆಗದಿರುವುದು.
ಅವಳಿಗೆ ಗೊತ್ತು. ಮದುವೆಯಾಗಿದ್ದಳು ಒಮ್ಮೆ.

ಎಂಬತ್ತನ್ನೇ ಎರವಲು ತಂದು ಕಟ್ಟೆ ಹತ್ತಿದಳು.
ಗಾಲಿಗೂ ಗಾಳಿಗೂ ನಡುವೆ
ನಾಲಿಗೆಯ ಒಂದು ಮಡಿಕೆ ಮಾತ್ರ;
ರಿಮ್ಮು ಆಳವಾದಷ್ಟೂ ಅದೂ ಅಳಿಯುತ್ತದೆ.
ಕೊಟ್ಟಿಗೆಯ ಗೋಡೆ ಮುಗಿಯುವ ತನಕ
ಎಲ್ಲ ಸರಿಯಿತ್ತು.
ಗೋಡೆ ಮುಗಿಯಿತು.
ಬಾಗಿಲ ಹಿಂದೆ ಅಡಗಿ ಕೂತ ಮಗುವಿನಂತೆ
ಹಾರಿತು ಗಾಳಿ, ಮುಂದಿನ ಗಾಲಿಯ ಕಿವಿ ಹಿಂಡಿತು.
ಕುರಿಗಳು ದಾರಿ ಬಿಟ್ಟವು.
ಹಿಂದೆ ಬಂದ ನಾನು ಕಂಡದ್ದು:
ಹುಲ್ಲಲ್ಲಿ ಅಂಗಾತ ಶೌಕ್ಯೆ,
ಮೊಣಕೈಗೆಲ್ಲ ಹಿಕ್ಕೆ,
ಆಕಾಶಕ್ಕೆ ಮುಖ ಮಾಡಿ ಇನ್ನೂ
ತಿರುಗುತ್ತಲೇ ಇದ್ದ ಹಿಂದಿನ ಗಾಲಿ.

ಅದನ್ನೇ ನೋಡುತ್ತಿದ್ದಳು, ಬಹಳ ಹೊತ್ತು.
"ಇದರದೇನೂ ತಪ್ಪಿಲ್ಲ," ಅಂದಳು.
"ಮುಂದಿನದು ಕೈಯ ಕೆಳಗೆ,
ಹಿಂದಿನದು ಮೈಯ ಕೆಳಗೆ.
ಹೆದರಿದ್ದು ಕೈ.
ಮೈಗೆ ಐವತ್ತೆಂಟು ಕೆಜಿಯ ಧೈರ್ಯ ಇದೆ."

ಮುಂದೆ ಐವತ್ತು, ಹಿಂದೆ ಎಂಬತ್ತು.
ಜೋಡಿ ಒಡೆಯುವುದಿಲ್ಲ ಎಂದ ಡೌವೆ.
ಉಳಿದ ಎರಡನ್ನು ಯಾರು ಕೊಳ್ಳುತ್ತಾರೆ,
ಮುಂದೆ ಎಂಬತ್ತು, ಹಿಂದೆ ಐವತ್ತು,
ಅಂಗಿ ತಿರುವಿ ತೊಟ್ಟ ಹಾಗೆ, ಯಾವ ಮೂರ್ಖ?
ನಾನು ಜೇಬು ತಡವಿಕೊಂಡೆ.
ತೊಂಬತ್ತಾರು ಕೆಜಿ ಇದ್ದೇನೆ, ಅಂದೆ,
ನನ್ನನ್ನು ಯಾವ ಗಾಳಿ ಎತ್ತೀತು?

ಈಗ ಭಾನುವಾರ ಕೆಂಪಿಗೆ, ಬುಧವಾರ ಕಪ್ಪಿಗೆ
ಬಿಚ್ಚಿ ತೊಡಿಸುತ್ತಾಳೆ ಅವೇ ಗಾಲಿಗಳನ್ನು,
ಬ್ರೇಕಿನ ರಬ್ಬರನ್ನು ಅರ್ಧ ಮಿಲಿಮೀಟರು
ಅತ್ತ ಸರಿಸಿ, ಇತ್ತ ಸರಿಸಿ,
ಫ್ರಿಸಿಯನ್ನಿನಲ್ಲೇ ಬೈಯುತ್ತಾಳೆ;
ಡಚ್ ಬೈಗುಳಕ್ಕೆ ಸ್ಕ್ರೂ ಬಗ್ಗುವುದಿಲ್ಲವಂತೆ.

ಬುಧವಾರ ಗೆರೆಯ ಮೇಲೆ ಅವಳ ಸೀಟು ಹಿಡಿದು
ನಿಲ್ಲುವವನು ನಾನೇ.
ಐದು, ನಾಲ್ಕು, ಮೂರು.
ತಳ್ಳಬಾರದು, ಅದು ನಿಯಮ.
ಬಿಟ್ಟರೆ ಸಾಕು.
ಬರಿ ಮಡಕೆಗೆ ದುಂಬಿ ಹೊಕ್ಕಂತೆ ಗುಂಯ್ ಎಂಬ ಸದ್ದು,
ಆಮೇಲೆ ಬೆನ್ನು,
ಆಮೇಲೆ ಕಟ್ಟೆ ಮಾತ್ರ.
ಜೂನಿನಲ್ಲಿ ಹನ್ನೊಂದು ಸೆಕೆಂಡು ಉಳಿಸಿದಳು.
ಅವನ್ನು ಏನು ಮಾಡಿದಳೋ, ಕೇಳಿಲ್ಲ.

ನನ್ನದು ಮುಂದೆ ಎಂಬತ್ತು.
ಎಷ್ಟು ಬಿಗಿ ಹಿಡಿದರೂ ಹ್ಯಾಂಡಲ್ಲು
ಮನೆಯ ದಾರಿ ಬಿಟ್ಟು
ಸೇತುವೆಯ ಕಡೆಗೇ ವಾಲುತ್ತದೆ.
ಗಾಳಿ ಅನ್ನುತ್ತೇನೆ,
ಯಾರಾದರೂ ಕೇಳಿದರೆ.